ತೊಳೆದ ಚಿನ್ನ

ನಂದಿಕೂರಿನ ಆ ಮನೆಯ ಹೆಸರು ಹೇಳುವುದಿಲ್ಲ. ಧಣಿಯ ಗಡಿಯಾರದ ಸರಪಳಿಗೆ ಒಂದು ಪದಕ ತೂಗುತ್ತಿತ್ತು. ಹುಣಸೆಬೀಜದಷ್ಟು ಗಾತ್ರ. ಚಿನ್ನದ ಗಂಡಭೇರುಂಡ, ಎರಡು ತಲೆ, ಬಿಚ್ಚಿದ ರೆಕ್ಕೆ, ಹಿಂದೆ ಕೆಂಪು ಎನಾಮೆಲ್. ಹಿರಿಯರು ಘಟ್ಟದ ಮೇಲಿನಿಂದ ತಂದದ್ದಂತೆ. ಧಣಿ ಜಗಲಿಯಂಚಿನಲ್ಲಿ ಕೂತಿದ್ದರು, ನಾನು ಅಂಗಳದಲ್ಲಿ ನಿಂತಿದ್ದೆ. ಕೈ ಚಾಚಿ ಮುಟ್ಟಿದೆ.

"ಎಂತದಾ ಮುಟ್ಟಿದ್ದು?"

ಕೆನ್ನೆಯ ಉರಿ ಆರಿತು. ಆಮೇಲೆ ನಡೆದದ್ದು ಆರಲಿಲ್ಲ. ಪದಕ ಕಳಚಿ, ಗಿಂಡಿಯ ನೀರಿಗೆ ಗೋಮೂತ್ರ ಬೆರೆಸಿ ತೊಳೆದರು. ಅಮ್ಮ ಹಿಡಿಸೂಡಿ ಹಿಡಿದು ನೋಡುತ್ತ ನಿಂತಿದ್ದಳು. ಚಿನ್ನಕ್ಕೆ ಮೈಲಿಗೆಯಿಲ್ಲ ಎಂದು ಶಾಸ್ತ್ರ ಹೇಳುವ ಬಾಯಿಗಳೇ ತೊಳೆಯಲು ಹೇಳಿದವು. ಅಸ್ಪೃಶ್ಯತೆ ಅಪರಾಧವೆಂದು ಕಾಯ್ದೆಯಾದದ್ದು 1955ರಲ್ಲಿ. ನಾನು ಹುಟ್ಟಿದ್ದು ಅದರ ನಂತರ.

ಚಿನ್ನದ ತಗಡು ಕೆತ್ತಿ, ಗುಳಿಗೆ ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿ ಕರಗಿಸಿದರೆ ಎನಾಮೆಲ್. ಬೆಂಕಿಗೆ ಕೆಡದ ವಸ್ತು ನನ್ನ ಬೆರಳಿಗೆ ಕೆಟ್ಟಿತು. ಅಮ್ಮ ನಾಟಿ ಮಾಡಿ, ಕೊಯ್ದು, ಬಡಿದು, ಕುಟ್ಟಿಕೊಟ್ಟ ಕುಚ್ಚಲಕ್ಕಿಯನ್ನು ಯಾರೂ ಗೋಮೂತ್ರದಲ್ಲಿ ತೊಳೆಯಲಿಲ್ಲ.

ಹಸಿದ ಹೊಟ್ಟೆಗೆ ನಮ್ಮ ಕೈ ಬೇಕಿತ್ತು.

ಪದಕದ ಆ ಹಕ್ಕಿ ಎಂದಿಗೂ ಆಳುವವರದೇ. 1047ರಲ್ಲಿ ಬಳ್ಳಿಗಾವೆಯ ಕಂಬ ಏರಿತು. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಕೊಕ್ಕಿನಲ್ಲಿ ಆನೆಯನ್ನು ಕಚ್ಚಿಕೊಂಡಿತು. ಮೈಸೂರು ಒಡೆಯರ ಲಾಂಛನವಾಯಿತು. ನಾವು ಕರಾವಳಿಯವರು, ಮದರಾಸಿನ ಕೆಳಗಿದ್ದವರು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿದೆವು, ಹಕ್ಕಿ ನಮ್ಮ ತಲೆಯ ಮೇಲೂ ಬಂದು ಕೂತಿತು.

1974ರಲ್ಲಿ ಉಳುವವನೇ ಹೊಲದೊಡೆಯ ಎಂದರು. ಗೇಣಿ ಒಕ್ಕಲು ಡಿಕ್ಲರೇಷನ್ ಕೊಟ್ಟು ಭೂಮಿ ಪಡೆದರು. ಪಡೆಯಲೇಬೇಕಿತ್ತು. ಆದರೆ ಕೂಲಿಯಾಳಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಬಗ್ಗಿದ ಬೆನ್ನಿಗೆ ರಸೀದಿ ಕೊಟ್ಟವರು ಯಾರು? ಧಣಿ ಸ್ವಂತ ಬೇಸಾಯವೆಂದು ಬರೆಸಿ ಉಳಿಸಿಕೊಂಡ ಗದ್ದೆಯಲ್ಲಿ ಅಮ್ಮ ಮತ್ತೆ ನೇಜಿ ನೆಟ್ಟಳು.

ಆಮೇಲೆ ಊರಿಗೆ ಕೈಗಾರಿಕೆ ಬಂತು. ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಎದ್ದಿತು. ಬೈಲಿನ ಗದ್ದೆಗಳಿಗೆ ಭೂಸ್ವಾಧೀನದ ನೋಟಿಸು ಬಂತು. ಮೇಲೆ ಅದೇ ಎರಡು ತಲೆಯ ಹಕ್ಕಿ, ಕೆಳಗೆ ಸತ್ಯಮೇವ ಜಯತೆ. ಒಳಗೆ ಆರ್‌ಟಿಸಿಯಲ್ಲಿದ್ದವರ ಹೆಸರು. ಅಮ್ಮನ ಹೆಸರಿಲ್ಲ. ಗದ್ದೆ ಹೋದಾಗ ಧಣಿಗೆ ದುಡ್ಡು ಬಂತು, ಅಮ್ಮನಿಗೆ ಅನ್ನ ಹೋಯಿತು. ಅರ್ಜಿ ಹಿಡಿದು ಕಚೇರಿಗೆ ಹೋದೆ. "ದಾಖಲೆ ಉಂಟಾ?" ಎಂದರು. ಅಮ್ಮನ ಅಂಗಾಲಿನ ಕೆಸರುಹುಣ್ಣು ಬಿಟ್ಟರೆ ದಾಖಲೆ ಇರಲಿಲ್ಲ.

2013ರ ಭೂಸ್ವಾಧೀನ ಕಾಯ್ದೆ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಜಾಗದಲ್ಲಿ ದುಡಿದು ಬದುಕಿದ ಕೃಷಿ ಕೂಲಿಯವರನ್ನೂ ಬಾಧಿತ ಕುಟುಂಬ ಎಂದಿದೆ. ಅಷ್ಟರಲ್ಲಿ ನಮ್ಮ ಬೈಲು ಮುಗಿದಿತ್ತು. ಇನ್ನು ಮುಂದೆ ಯಾವ ಊರಿಗೆ ಆ ಹಕ್ಕಿಯ ಮುದ್ರೆ ಹೊತ್ತ ಕಾಗದ ತಂದರೂ, ಅಧಿಕಾರಿಗಳೇ, ಆರ್‌ಟಿಸಿ ನೋಡಿ ಪುಸ್ತಕ ಮುಚ್ಚಬೇಡಿ. ಗದ್ದೆಗೆ ಇಳಿದವರು ಯಾರೆಂದು ಕೇಳಿ. ಮೊದಲು ಅವರ ಹೆಸರು ಬರೆಯಿರಿ.