ನಾಳಿನ ಪ್ರೋಟೀನು ಹುರುಳಿ ಹೊಲದಲ್ಲಿದೆ

ಹುರುಳಿಕಟ್ಟಿನ ಸಾರು ಮಾಡುವ ಮನೆಯಲ್ಲಿ ಕೆಲಸ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಕಲ್ಲು ಆರಿಸಿ, ತೊಳೆದು, ಕಾಳು ನೆನೆಹಾಕಬೇಕು. ಬೆಳಿಗ್ಗೆ ಕುಕ್ಕರ್ ಆರೇಳು ಸಲ ಕೂಗಿದರೂ ಕೆಲವು ಕಾಳು ಬೆರಳಿಗೆ ಬಗ್ಗುವುದಿಲ್ಲ. ಬೆಂದ ಮೇಲೆ ಬಸಿದ ಕಂದು ಕಟ್ಟಿಗೆ ಹುಣಸೆಹುಳಿ ಬಿಟ್ಟು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಘಮ ಪಕ್ಕದ ಮನೆಗೂ ಹೋಗುತ್ತದೆ. ಮಲೆನಾಡಿನ ಹಲವು ಮನೆಗಳಲ್ಲಿ ಕಟ್ಟು ಮನುಷ್ಯರಿಗೆ, ಬೆಂದ ಕಾಳು ದನಗಳಿಗೆ ಎಂಬ ರೂಢಿಯಿತ್ತು. ರುಚಿ ಅಡುಗೆಮನೆಯಲ್ಲಿ ಉಳಿಯುತ್ತಿತ್ತು, ಪ್ರೋಟೀನಿನ ಬಹುಪಾಲು ಕೊಟ್ಟಿಗೆಗೆ ಹೋಗುತ್ತಿತ್ತು.

100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ತೊಗರಿಬೇಳೆಯದೂ ಹೆಚ್ಚುಕಡಿಮೆ ಅಷ್ಟೇ. ಆದರೂ ಸಸ್ಯಜನ್ಯ ಪ್ರೋಟೀನ್ ಎಂದ ಕೂಡಲೇ ನಗರದ ಗ್ರಾಹಕನ ಕಣ್ಣಮುಂದೆ ಬರುವುದು ಮಾಲ್‌ನ ಫ್ರೀಜರ್‌ನಲ್ಲಿರುವ ಮಾಂಸದಂಥ ತುಂಡುಗಳು, ಇಲ್ಲವೇ ದೊಡ್ಡ ಡಬ್ಬಿಯ ಪುಡಿ. ಈ ಹಾದಿ ಎಲ್ಲಿಗೆ ಹೋಯಿತು ಎಂಬುದಕ್ಕೆ ಅಮೆರಿಕದ ಬಿಯಾಂಡ್ ಮೀಟ್ ಕಂಪನಿಯೇ ಸಾಕ್ಷಿ. ಬಟಾಣಿ ಪ್ರೋಟೀನಿನಿಂದ ಮಾಂಸದ ರುಚಿ ಕೊಡಹೊರಟ ಆ ಕಂಪನಿ 2019ರ ಮೇ ತಿಂಗಳಲ್ಲಿ 25 ಡಾಲರಿಗೆ ಷೇರು ಬಿಟ್ಟಿತು. ಮೊದಲ ದಿನವೇ ಬೆಲೆ 65 ಡಾಲರ್ ದಾಟಿತು. 2023 ಮುಗಿಯುವ ಹೊತ್ತಿಗೆ ಅದು 10 ಡಾಲರಿಗಿಂತ ಕೆಳಗಿತ್ತು. ಕುತೂಹಲಕ್ಕೆ ಒಮ್ಮೆ ಕೊಂಡವರು ಮತ್ತೆ ಮತ್ತೆ ಕೊಳ್ಳಲಿಲ್ಲ. ಕರ್ನಾಟಕಕ್ಕೆ ಆ ದಾರಿ ಬೇಕಾಗಿಯೂ ಇಲ್ಲ. ಇಲ್ಲಿ ಕಾಳು ತಿನ್ನುವ ಅಭ್ಯಾಸ ಹೊಸದಾಗಿ ಕಲಿಸಬೇಕಾದ್ದಲ್ಲ.

ಕಾಳಿನ ವಿಜ್ಞಾನವೂ ಇಲ್ಲಿಗೆ ಹೊಸತಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ, ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಅದರ ನಿರ್ದೇಶಕ ಸರ್ ಸಿ.ವಿ. ರಾಮನ್ ಒಪ್ಪಲಿಲ್ಲ. ಆಕೆ ಹಟ ಹಿಡಿದು ಪ್ರವೇಶ ಪಡೆದರು. ಅಲ್ಲಿ ಅವರು ಅಧ್ಯಯನ ಮಾಡಿದ್ದು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನನ್ನು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಲ್ಲಿ ಪ್ರಸಿದ್ಧರಾದವರು ಇವರೇ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಜನ ಕರೆಯುವಂತೆ ಸಿಎಫ್‌ಟಿಆರ್‌ಐ, ಶುರುವಾಯಿತು. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲೇ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಸೇರಿಸಿ, ಜೀವಸತ್ವ ಬೆರೆಸಿದ ‘ಬಹೂಪಯೋಗಿ ಆಹಾರ’ ಸಿದ್ಧವಾಯಿತು. ಅದರಲ್ಲಿ ಪ್ರೋಟೀನು ಶೇ 40ಕ್ಕೂ ಹೆಚ್ಚು. ಆಮೇಲೆ ಕಡಲೆಕಾಯಿಯ ಪ್ರೋಟೀನ್ ಸೇರಿಸಿ ಹಾಲನ್ನು ಹೆಚ್ಚಿಸುವ ‘ಮಿಲ್ಟೋನ್’ ಬಂತು.

ಈ ನಡುವೆ, 1960ರಲ್ಲಿ, ಇಂಗ್ಲೆಂಡಿನಲ್ಲಿ ಸಾವಿರಾರು ಟರ್ಕಿ ಕೋಳಿಗಳು ಸತ್ತವು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿನ ಅಫ್ಲಟಾಕ್ಸಿನ್ ಎಂಬ ವಿಷ ಅದಕ್ಕೆ ಕಾರಣವೆಂದು ಗೊತ್ತಾಯಿತು. ಜಗತ್ತಿನೆಲ್ಲೆಡೆ ಕಡಲೆಕಾಯಿ ಹಿಟ್ಟಿನ ಮೇಲೆ ಅನುಮಾನ ಬಿತ್ತು. ಒಣಗಿಸುವುದರಲ್ಲಿ, ದಾಸ್ತಾನಿನಲ್ಲಿ ಎಚ್ಚರ ತಪ್ಪಿದರೆ ಒಳ್ಳೆಯ ಆಹಾರವೂ ಕೆಡುತ್ತದೆ ಎಂಬ ಆ ಪಾಠ ಇಂದಿಗೂ ಸಲ್ಲುತ್ತದೆ.

ಇದೆಲ್ಲ ಈಗ ಏಕೆ ಮುಖ್ಯ? ಬಡವರ ತಟ್ಟೆಯಲ್ಲಿ ಅನ್ನ ಹೆಚ್ಚಿ, ಸಾರಿನಲ್ಲಿ ಬೇಳೆ ತೆಳ್ಳಗಾಗಿದೆ. 2013ರಲ್ಲಿ ಬಂದ ಅನ್ನಭಾಗ್ಯ ಅಕ್ಕಿ ಯೋಜನೆ ಹೊಟ್ಟೆ ತುಂಬಿಸಿತು, ಅದು ಸಣ್ಣ ಮಾತಲ್ಲ. ಆದರೆ ಪ್ರೋಟೀನಿನ ಘಟಕಗಳ ಪೈಕಿ ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಕಾಳಿನ ಬಸ್ಸಾರು ನೆಂಚಿಕೊಂಡವರ ಊಟದಲ್ಲಿ ಈ ಲೆಕ್ಕ ತಾನಾಗಿಯೇ ಸರಿಹೋಗುತ್ತಿತ್ತು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುತ್ತದೆ, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಡಬ್ಬಿಯ ಪುಡಿಗಳ ಮೊರೆಹೋಗಬೇಡಿ ಎಂದು ಅದೇ ಸಂಸ್ಥೆ 2024ರಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ.

ಕಾಳೊಂದೇ ಸಾಕು ಎಂದು ಇದರರ್ಥವಲ್ಲ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವುದು ಸರಿಯಾದ ಕೆಲಸವೇ. ಕಾಳಿನ ಪರ ಮಾತಾಡುವವರು ಅದನ್ನು ವಿರೋಧಿಸಬೇಕಾಗಿಲ್ಲ.

ಕಾಳು ತಟ್ಟೆಗಷ್ಟೇ ಅಲ್ಲ, ಹೊಲಕ್ಕೂ ಒಳ್ಳೆಯದು. ಹುರುಳಿಗೆ ನೀರಾವರಿ ಬೇಡ. ಮುಂಗಾರು ಕೈಕೊಟ್ಟ ಹೊಲಕ್ಕೂ ರೈತ ತಡವಾಗಿ ಚೆಲ್ಲುವ ಬೆಳೆ ಅದು. ಗಿಡ ಕಿತ್ತು ನೋಡಿದರೆ ಬೇರಿಗೆ ಸಣ್ಣ ಗಂಟುಗಳು ಅಂಟಿರುತ್ತವೆ. ಅವುಗಳೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ, ಯೂರಿಯಾದ ಹಂಗು ತಗ್ಗುತ್ತದೆ. ತೊಗರಿಯ ಕಣಜವಾದ ಕಲಬುರಗಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಬೇಳೆಕಾಳು ಬೆಳೆಯುವ ಭಾರತ, ಮ್ಯಾನ್ಮಾರ್ ಮತ್ತು ಮೊಜಾಂಬಿಕ್‌ನಿಂದ ತೊಗರಿ, ಕೆನಡಾದಿಂದ ಬಟಾಣಿ ತರಿಸಿಕೊಳ್ಳುತ್ತಿದೆ.

ಹಾಗಾದರೆ ಹೊಸದಾಗಿ ಮಾಡಬೇಕಾದ್ದೇನು? ಕಾಳಿನ ಶತ್ರು ಅದರ ರುಚಿಯಲ್ಲ, ಅದು ಕೇಳುವ ಸಮಯ. ಅವರೆಕಾಯಿ ಕಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಯ ಅಂಚಿಗೆ ಕೂತ ಹೆಂಗಸರನ್ನು ನೋಡಬೇಕು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಹೀಗೆ ಗಂಟೆಗಟ್ಟಲೆ. ಆ ಶ್ರಮಕ್ಕೆ ಬೆಲೆ ಕೊಟ್ಟು, ಹಿತುಕಿದಬೇಳೆಯನ್ನು ವರ್ಷವಿಡೀ ಸಿಗುವ ಪದಾರ್ಥವಾಗಿಸುವುದು ಸಾಧ್ಯವಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಚಳಿಗಾಲಕ್ಕೆ ಕಾಯದೆ ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ. ಕಾಳನ್ನು ಮೊಳಕೆ ಬರಿಸಿ ಒಣಗಿಸಿ, ಬೇಗ ಬೇಯುವಂತೆ ಮಾಡುವ ತಂತ್ರ ಸಿಎಫ್‌ಟಿಆರ್‌ಐ ಬಳಿ ಇದೆ. ಮೊಳಕೆ ಬಂದ ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳೂ ಕಡಿಮೆಯಾಗುತ್ತವೆ. ಹತ್ತು ನಿಮಿಷದಲ್ಲಿ ಬೇಯುವ ಹುರುಳಿ ಕಿರಾಣಿ ಅಂಗಡಿಯಲ್ಲಿ ಸಿಗುವಂತಾದರೆ, ಬೆಳಿಗ್ಗೆ ಗಾರ್ಮೆಂಟ್ ಕೆಲಸಕ್ಕೆ ಓಡುವ ಹೆಣ್ಣುಮಗಳ ಡಬ್ಬಿಗೂ ಅದು ಸೇರುತ್ತದೆ. ಸಕ್ಕರೆ ಸುರಿದು ಪ್ರೋಟೀನ್ ಬಿಸ್ಕತ್ತು ಎಂದು ಮಾರುವುದು ಮಾತ್ರ ಈ ಹೆಸರಿನಲ್ಲಿ ಆಗಬಾರದು.

ಸರ್ಕಾರ ಪಡಿತರದಲ್ಲಿ, ಹಾಸ್ಟೆಲಿನಲ್ಲಿ, ಬಿಸಿಯೂಟದಲ್ಲಿ ತೊಗರಿಯ ಜೊತೆ ಹುರುಳಿ, ಅವರೆ, ಅಲಸಂದೆಗೂ ಜಾಗ ಕೊಡಲಿ. ಖರೀದಿ ಖಚಿತವೆಂದು ಗೊತ್ತಾದರೆ ರೈತ ಬೆಳೆಯುತ್ತಾನೆ, ಸಣ್ಣ ಉದ್ಯಮಿ ಯಂತ್ರ ಹಾಕುತ್ತಾನೆ. ಅಲ್ಲಿಯವರೆಗೆ ಓದುಗರು ತಮ್ಮ ಅಡುಗೆಮನೆಯಲ್ಲಿ ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ಹುರುಳಿ ಬಸಿದಾಗ ಕಟ್ಟಿನ ಜೊತೆ ಕಾಳಿನ ಪಲ್ಯವನ್ನೂ ಎಲ್ಲರ ತಟ್ಟೆಗೆ ಬಡಿಸಿ.