ಕತ್ತಲೆಯೇ ಕಾವಲಾದ ಮನೆ

ಕಣ್ಣು ಕಾಣದ ಹೆಂಗಸೊಬ್ಬಳು ಮನೆಯಲ್ಲಿ ಒಂಟಿಯಾಗಿದ್ದಾಳೆ. ಒಳಗೆ ಬಂದವನು ತಾನು ಆಕೆಯ ಗಂಡನ ಹಳೆಯ ಸ್ನೇಹಿತನೆಂದು ಹೇಳಿಕೊಳ್ಳುತ್ತಾನೆ. ಆಕೆ ಅವನ ಮುಖವನ್ನು ಕಾಣಲಾರಳು. ಮಾತನ್ನು ಮಾತ್ರ ಕೇಳಬಲ್ಲಳು. ಆ ಮಾತನ್ನು ನಂಬುವುದೋ ಬಿಡುವುದೋ ಎಂಬುದರ ಮೇಲೆ ಆಕೆಯ ಪ್ರಾಣವೇ ನಿಂತಿದೆ. ೧೯೬೭ರಲ್ಲಿ ತೆರೆಗೆ ಬಂದ ‘ವೇಟ್ ಅಂಟಿಲ್ ಡಾರ್ಕ್’ ಎಂಬ ಅಮೆರಿಕದ ಚಿತ್ರದ ಕಥೆ ಇಷ್ಟೇ. ಭೂತವಿಲ್ಲ, ಪಿಶಾಚಿಯಿಲ್ಲ, ಪಾಳುಬಿದ್ದ ಬಂಗಲೆಯಿಲ್ಲ. ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜಿನಲ್ಲಿ, ಬೀದಿಯಿಂದ ಕೆಲವು ಮೆಟ್ಟಿಲು ಕೆಳಗಿಳಿದರೆ ಸಿಕ್ಕುವ ಒಂದು ನೆಲಮಾಳಿಗೆಯ ಬಿಡಾರ. ಅಡಿಗೆಯ ಮೂಲೆ, ಒಂದು ಮಲಗುವ ಕೋಣೆ, ಗಂಡನ ಫೋಟೋ ಕೆಲಸದ ಸಾಮಾನು. ಚಿತ್ರದ ಬಹುಪಾಲು ಈ ನಾಲ್ಕು ಗೋಡೆಗಳ ನಡುವೆಯೇ ನಡೆದುಹೋಗುತ್ತದೆ.

ಇದರ ಮೂಲ ಒಂದು ನಾಟಕ. ಬರೆದವನು ಫ್ರೆಡರಿಕ್ ನಾಟ್. ಚೀನಾ ದೇಶದ ಹ್ಯಾಂಕೌ ನಗರದಲ್ಲಿ ೧೯೧೬ರಲ್ಲಿ ಹುಟ್ಟಿದ ಈ ಆಂಗ್ಲ ನಾಟಕಕಾರ ಬರೆದುದು ಕೆಲವೇ ನಾಟಕಗಳನ್ನು. ಆದರೆ ಬರೆದ ಎರಡು ಸಾಕಾದವು. ಮೊದಲನೆಯದು ೧೯೫೨ರ ‘ಡಯಲ್ ಎಂ ಫಾರ್ ಮರ್ಡರ್’. ಅದನ್ನು ೧೯೫೪ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಚಿತ್ರವಾಗಿಸಿದ. ಎರಡನೆಯದೇ ೧೯೬೬ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯನ್ನೇರಿದ ಈ ನಾಟಕ. ಆರ್ಥರ್ ಪೆನ್ ಅದನ್ನು ನಿರ್ದೇಶಿಸಿದ; ಅಂಧ ನಾಯಕಿ ಸೂಸಿಯ ಪಾತ್ರವನ್ನು ಲೀ ರೆಮಿಕ್ ವಹಿಸಿದಳು. ಮೊದಲ ನಾಟಕದಲ್ಲಿ ಕೊಲೆಯ ಗಂಟು ಬಿಚ್ಚುವುದು ಒಂದು ಬೀಗದ ಕೈಯಿಂದ. ಎರಡನೆಯದರಲ್ಲಿ ಆ ಕೆಲಸವನ್ನು ಕಿಟಕಿಯ ಪಟ್ಟಿಪರದೆ, ಟೆಲಿಫೋನು, ಬಲ್ಬು, ಕಾಲಿನ ಬೂಟು ಮುಂತಾದವು ಮಾಡುತ್ತವೆ. ಗೃಹಿಣಿಯ ಕೈಗೆ ನಿತ್ಯವೂ ಸಿಕ್ಕುವ ವಸ್ತುಗಳಿಂದಲೇ ಗುಂಡಿಗೆ ನಡುಗಿಸುವುದು ನಾಟನ ಹೆಚ್ಚುಗಾರಿಕೆ.

ಕಥೆಯ ಎಳೆ ಹೀಗಿದೆ. ಮೋಟಾರು ಅಪಘಾತವೊಂದರಲ್ಲಿ ಸೂಸಿ ದೃಷ್ಟಿ ಕಳೆದುಕೊಂಡು ಇನ್ನೂ ಬಹಳ ಕಾಲವಾಗಿಲ್ಲ. ಹುಟ್ಟುಕುರುಡರಿಗೆ ಬಾಲ್ಯದಿಂದ ಬಂದಿರುವ ಅಭ್ಯಾಸ ಆಕೆಗಿಲ್ಲ. ಕುರುಡಾಗಿ ಬದುಕುವುದನ್ನು ಕಲಿಯುತ್ತಿದ್ದಾಳೆ. ಗಂಡ ಸ್ಯಾಮ್ ಛಾಯಾಗ್ರಾಹಕ. ವಿಮಾನದಲ್ಲಿ ಹಿಂದಿರುಗುವಾಗ ಅಪರಿಚಿತ ತರುಣಿಯೊಬ್ಬಳು ಒಂದು ಬೊಂಬೆಯನ್ನು ಅವನ ವಶಕ್ಕೆ ಕೊಟ್ಟುಬಿಡುತ್ತಾಳೆ. ಬೊಂಬೆಯ ಹೊಟ್ಟೆಯಲ್ಲಿ ಹೆರಾಯಿನ್ ಇದೆಯೆಂಬುದು ಆ ದಂಪತಿಗಳಿಗೆ ಗೊತ್ತಿಲ್ಲ. ಅದನ್ನು ಅರಸಿಕೊಂಡು ಮೂವರು ಬರುತ್ತಾರೆ. ಒಬ್ಬ ಸ್ನೇಹಿತನಾಗುತ್ತಾನೆ, ಒಬ್ಬ ಪೊಲೀಸಿನವನಾಗುತ್ತಾನೆ. ಮೂರನೆಯವನಾದ ರೋಟ್ ಒಮ್ಮೆ ಸಿಡುಕಿನ ಮುದುಕನಾಗಿ ಬಂದರೆ ಮತ್ತೊಮ್ಮೆ ಆ ಮುದುಕನ ವಿನಯಶೀಲ ಮಗನಾಗಿ ಬರುತ್ತಾನೆ. ಬೊಂಬೆ ಸಿಕ್ಕದಿದ್ದರೆ ಗಂಡನ ಮೇಲೆ ಕೊಲೆಯ ಆರೋಪ ಬರುವುದೆಂದು ಆಕೆಯನ್ನು ನಂಬಿಸುವುದು ಅವರ ಹಂಚಿಕೆ. ಹೆಂಗಸಿನ ಪ್ರೀತಿಯನ್ನೇ ಆಕೆಯ ಕೊರಳಿಗೆ ಉರುಲಾಗಿ ಹಾಕುವ ಈ ಉಪಾಯ ಕತ್ತಿಗಿಂತ ಕ್ರೂರವಾದುದು.

ವೇಷ ಬದಲಾಯಿಸುವುದಾದರೂ ಏತಕ್ಕೆ? ನೋಡಲಾರದವಳ ಮುಂದೆ ವೇಷವೇಕೆ? ಇಲ್ಲಿಯೇ ಕಳ್ಳರ ತಪ್ಪು ಲೆಕ್ಕ ಬಯಲಾಗುತ್ತದೆ. ಮುದುಕನೂ ಮಗನೂ ಧ್ವನಿಯಲ್ಲಿ ಬೇರೆ. ಆದರೆ ಇಬ್ಬರ ಬೂಟುಗಳೂ ಒಂದೇ ಬಗೆಯಾಗಿ ಕಿರುಗುಟ್ಟುತ್ತವೆ. ಬಂದವರೆಲ್ಲರೂ ಏನಾದರೊಂದು ನೆಪದಿಂದ ಕಿಟಕಿಯ ಪಟ್ಟಿಪರದೆಯನ್ನು ತೆರೆದು ಮುಚ್ಚುತ್ತಾರೆ. ಹೊರಗೆ ಬಿಸಿಲಿದೆಯೋ ಇಲ್ಲವೋ ಸೂಸಿಗೆ ತಿಳಿಯದು. ಪರದೆಯ ಸದ್ದು ಮಾತ್ರ ಕೇಳುತ್ತದೆ. ಇದು ಬೀದಿಯಲ್ಲಿರುವವರಿಗೆ ಕೊಡುವ ಸನ್ನೆಯಾಗಿರಬಾರದೇಕೆ ಎಂದು ಆಕೆ ಯೋಚಿಸುತ್ತಾಳೆ. ಕಣ್ಣುಳ್ಳವನು ಇದನ್ನು ಗಮನಿಸುತ್ತಲೇ ಇರಲಿಲ್ಲ. ಆಕೆಯನ್ನು ಕಾಯುವುದು ಯಾವುದೋ ಅತೀಂದ್ರಿಯ ಶಕ್ತಿಯಲ್ಲ, ಬರಿಯ ಗಮನ.

ಚಿತ್ರವನ್ನು ನಿರ್ದೇಶಿಸಿದವನು ಟೆರೆನ್ಸ್ ಯಂಗ್. ಜೇಮ್ಸ್ ಬಾಂಡನ ಮೊದಲ ಚಿತ್ರವಾದ ‘ಡಾಕ್ಟರ್ ನೋ’ ಇವನ ಕೈಯಿಂದಲೇ ಬಂದುದು. ಓಟ, ಸಿಡಿತ, ಸಾಗರಗಳ ನಡುವೆ ಪಳಗಿದವನು ಇಲ್ಲಿ ಒಂದು ಬಿಡಾರದೊಳಗೆ ಕೈಕಟ್ಟಿ ಕುಳಿತು, ಅದಕ್ಕಿಂತ ಹೆಚ್ಚಿನ ಭಯವನ್ನು ತೆಗೆದಿದ್ದಾನೆ. ನಿರ್ಮಾಪಕ ಮೆಲ್ ಫೆರರ್ ನಾಯಕಿಯ ಪಾತ್ರಧಾರಿಣಿಯಾದ ಆಡ್ರಿ ಹೆಪ್‌ಬರ್ನಳ ಪತಿ. ಆಡ್ರಿ ಈ ಪಾತ್ರಕ್ಕಾಗಿ ನ್ಯೂಯಾರ್ಕಿನ ‘ಲೈಟ್‌ಹೌಸ್’ ಎಂಬ ಅಂಧರ ಸಂಸ್ಥೆಗೆ ಹೋಗಿ, ಅಲ್ಲಿನವರ ನಡೆನುಡಿಗಳನ್ನು ಕಂಡು ಅಭ್ಯಾಸ ಮಾಡಿದಳು. ಅದರ ಫಲ ತೆರೆಯ ಮೇಲೆ ಕಾಣುತ್ತದೆ. ಮಾತನಾಡುವವನ ಕಡೆಗೆ ಕಣ್ಣಿಗಿಂತ ಮೊದಲು ಕಿವಿ ತಿರುಗುವುದು, ಮೇಜಿನ ಅಂಚನ್ನು ಬೆರಳು ಹಿಡಿದು ಸಾಗುವುದು, ಇವುಗಳಲ್ಲಿ ನಟನೆಯ ಆಡಂಬರವಿಲ್ಲ. ಸುಕುಮಾರಿಯ ಪಾತ್ರಗಳಿಂದ ಜನಪ್ರಿಯಳಾದ ಈ ತಾರೆಗೆ ಆಸ್ಕರ್ ಪಾರಿತೋಷಕದ ಐದನೆಯ ನಾಮಕರಣ ದೊರಕಿದುದು ಈ ಚಿತ್ರದಿಂದ. ಬಳಿಕ ಆಕೆ ತೆರೆಯಿಂದ ದೂರ ಸರಿದು, ೧೯೭೬ರಲ್ಲಿ ‘ರಾಬಿನ್ ಅಂಡ್ ಮೇರಿಯನ್’ ಚಿತ್ರದಲ್ಲಿಯೇ ಮತ್ತೆ ಕಾಣಿಸಿಕೊಂಡುದು.

ರೋಟನ ಪಾತ್ರ ಅಲನ್ ಆರ್ಕಿನ್ನನದು. ಕಪ್ಪು ಕನ್ನಡಕ, ಮೆಲ್ಲನೆಯ ಮಾತು, ಕೊಲ್ಲುವಾಗಲೂ ಬೇಸರಗೊಂಡವನಂಥ ಮುಖ. ಗದರದೆ ಹೆದರಿಸುವವನನ್ನು ಕಂಡರೆ ಆಗುವ ಅಳುಕೇ ಬೇರೆ. ಸಂಗೀತವಿತ್ತ ಹೆನ್ರಿ ಮಾನ್ಸಿನಿ ಎರಡು ಪಿಯಾನೊಗಳನ್ನು ಒಂದರ ಶ್ರುತಿಗೂ ಇನ್ನೊಂದರ ಶ್ರುತಿಗೂ ಕಾಲು ಸ್ವರದಷ್ಟು ಅಂತರವಿಟ್ಟು ನುಡಿಸಿದ. ಏನು ಅಪಶ್ರುತಿಯೆಂದು ಕೇಳುಗನಿಗೆ ಹೇಳಲಾಗದು. ಆದರೆ ಮನೆಯಲ್ಲಿ ಏನೋ ಸರಿಯಿಲ್ಲವೆಂಬ ಭಾವನೆ ಕಿವಿಯ ಮೂಲಕವೇ ಹೊಗುತ್ತದೆ.

ಚಿತ್ರದ ನಿಜವಾದ ಜಾಣತನ ಪ್ರೇಕ್ಷಕನನ್ನು ನಡೆಸಿಕೊಳ್ಳುವ ಬಗೆಯಲ್ಲಿದೆ. ಮೊದಲರ್ಧದಲ್ಲಿ ಕಣ್ಣು ಅವನಿಗುಂಟು, ಆಕೆಗಿಲ್ಲ. ಕಳ್ಳರು ಉಸಿರು ಬಿಗಿಹಿಡಿದು ಗೋಡೆಗೆ ಒರಗಿ ನಿಂತಿರುವುದು ಅವನಿಗೆ ಕಾಣುತ್ತದೆ. ಆಕೆ ಅವರ ಪಕ್ಕದಲ್ಲಿಯೇ ಹಾದುಹೋಗುತ್ತಾಳೆ. ಕೂಗಿ ಎಚ್ಚರಿಸಬೇಕೆನ್ನುವಷ್ಟು ಅವನಿಗೆ ಸಂಕಟವಾಗುತ್ತದೆ. ಕಡೆಯ ಭಾಗದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ತನ್ನನ್ನು ಕೊಲ್ಲಲು ಬರುವವನಿಗಿರುವ ಒಂದೇ ಹೆಚ್ಚಿನ ಬಲ ಬೆಳಕೆಂದು ಅರಿತ ಸೂಸಿ ಮನೆಯ ಬಲ್ಬುಗಳನ್ನು ಒಂದೊಂದಾಗಿ ಒಡೆಯುತ್ತಾಳೆ. ಕತ್ತಲೆಯಲ್ಲಿ ಇಬ್ಬರೂ ಸಮಾನರು. ಸಮಾನರೇಕೆ, ಆಕೆಯೇ ಮೇಲು. ಆ ಮನೆಯ ಒಂದೊಂದು ಕುರ್ಚಿಯೂ ಆಕೆಯ ಕೈಗೆ ಗೊತ್ತು. ಕಡೆಯ ಎಂಟು ನಿಮಿಷ ಚಿತ್ರಮಂದಿರದ ದೀಪಗಳನ್ನೂ ಕಾನೂನು ಬಿಡುವಷ್ಟರ ಮಟ್ಟಿಗೆ ಆರಿಸುವುದಾಗಿ ೧೯೬೭ರ ಜಾಹೀರಾತುಗಳು ಮುಂದಾಗಿಯೇ ಸಾರಿದ್ದವು. ಇದು ವ್ಯಾಪಾರದ ಉಪಾಯವೇ ಸರಿ. ಆದರೂ ಅಲ್ಲಿ ಕುಳಿತ ಸಾವಿರ ಕಣ್ಣುಗಳು ಆಕೆಯಂತೆಯೇ ಕಿವಿಯಿಂದ ನೋಡಬೇಕಾಗಿ ಬಂದುದು ಸುಳ್ಳಲ್ಲ.

ಆಕೆ ಒಂದನ್ನು ಮಾತ್ರ ಮರೆತಿದ್ದಳು. ರೆಫ್ರಿಜರೇಟರಿನ ಬಾಗಿಲು ತೆರೆದರೆ ಒಳಗೊಂದು ದೀಪ ತಾನಾಗಿ ಹತ್ತುತ್ತದೆ! ಕುರುಡಿಗೆ ಅದರ ನೆನಪು ಬರುವುದೆಂತು? ಮುಂದೇನಾಯಿತೆಂದು ಇಲ್ಲಿ ಹೇಳಿದರೆ ನೋಡದವರಿಗೆ ರಸಭಂಗವಾದೀತು. ಆ ದೀಪ ಹತ್ತಿದಾಗ ಹಾಲು ತರಕಾರಿ ಇಡುವ ಪೆಟ್ಟಿಗೆ ಮೃತ್ಯುವಿನ ಬಾಗಿಲಾಗಿ ತೋರುತ್ತದೆ ಎಂದರೆ ಸಾಕು.

ದೋಷಗಳಿಲ್ಲವೆಂದಲ್ಲ. ಅಷ್ಟು ಜನ ಬಂದುಹೋಗುವ ಬಾಗಿಲಿಗೆ ಅಗುಳಿ ಹಾಕಬಾರದೆ, ಅನುಮಾನ ಹುಟ್ಟಿದೊಡನೆ ನೆರೆಯವರನ್ನು ಕೂಗಬಾರದೆ ಎಂದು ಕೇಳುವವರಿಗೆ ಸಮರ್ಪಕವಾದ ಉತ್ತರ ಚಿತ್ರದಲ್ಲಿಲ್ಲ. ಕಳ್ಳರ ಹಂಚಿಕೆಯೂ ಅಗತ್ಯಕ್ಕಿಂತ ಸುತ್ತುಬಳಸು. ೧೯೭೧ರಲ್ಲಿ ಮಿಯಾ ಫ್ಯಾರೋ ನಟಿಸಿದ ‘ಸೀ ನೋ ಈವಿಲ್’ ಚಿತ್ರವೂ ಅಪಘಾತದಿಂದ ದೃಷ್ಟಿ ಕಳೆದುಕೊಂಡ ತರುಣಿಯ ಕಥೆಯೇ. ಅಲ್ಲಿ ಬಂಧುಗಳೆಲ್ಲ ಹತರಾಗಿ ಬಿದ್ದಿರುವ ಮನೆಯಲ್ಲಿ ಆಕೆ ಏನೂ ಅರಿಯದೆ ಓಡಾಡುತ್ತಾಳೆ. ಅದರಲ್ಲಿ ಭಯ ಹೆಚ್ಚು, ಆದರೆ ನಾಯಕಿ ಬಹುಮಟ್ಟಿಗೆ ಓಡುವವಳು. ಸೂಸಿಯಾದರೋ ನಿಂತು ಯೋಚಿಸುವವಳು.

ಹಾಗೆ ಯೋಚಿಸಲು ಆಕೆಗೆ ಕಲಿಸಿದವರಾರು? ಚಿತ್ರದ ಮೊದಲಲ್ಲಿ ಗಂಡ ಕಠಿಣನಾಗಿ ಕಾಣುತ್ತಾನೆ. ಆಕೆ ಮಾಡಬಹುದಾದ ಕೆಲಸವನ್ನು ತಾನು ಮಾಡಿಕೊಡುವುದಿಲ್ಲ. ಎಡವಿದರೂ ಆಕೆಯೇ ಮಾಡಲೆಂದು ಬಿಡುತ್ತಾನೆ. ಮೇಲಿನ ಮನೆಯ ಹುಡುಗಿ ಗ್ಲೋರಿಯಾ ತುಂಟಿ, ಸಿಟ್ಟು ಬಂದರೆ ಪಾತ್ರೆಪದಾರ್ಥಗಳನ್ನು ಎಸೆದುಬಿಡುವವಳು. ಆಕೆಯೂ ಸೂಸಿಯನ್ನು ಅಯ್ಯೋ ಪಾಪವೆಂದು ಕಾಣುವುದಿಲ್ಲ. ಅದಕ್ಕಾಗಿಯೇ ಸಂಕಟದ ವೇಳೆಯಲ್ಲಿ ಸೂಸಿಯ ಸರಿಯಾದ ಜೊತೆಗಾತಿಯಾಗುತ್ತಾಳೆ. ಮರುಕ ತೋರಿಸುವವರು ಆ ಮೂವರು ಕಳ್ಳರು! ಸ್ನೇಹಿತನ ಸೋಗಿನವನ ಮಾತಿನಲ್ಲಿರುವಷ್ಟು ಮೃದುತ್ವ ಗಂಡನ ಮಾತಿನಲ್ಲಿಲ್ಲ.

ಮನೆಯಲ್ಲಿ ದೃಷ್ಟಿ ಮಂಜಾದ ತಾಯಿಯೋ ಮಾವನೋ ಇದ್ದರೆ, ‘ನೀವು ಕೂತಿರಿ, ನಾವಿದ್ದೇವಲ್ಲ’ ಎಂದು ಕೈಯಿಂದ ಲೋಟವನ್ನು ಕಿತ್ತುಕೊಳ್ಳುವುದು ನಮ್ಮ ಸಂಸಾರಗಳಲ್ಲಿ ಪ್ರೀತಿಯೆಂದೇ ಎನಿಸಿಕೊಳ್ಳುತ್ತದೆ. ಅದು ಪ್ರೀತಿಯೂ ಹೌದು. ಆದರೆ ಅಡಿಗೆಮನೆಯ ಡಬ್ಬಿಗಳ ಸ್ಥಾನ ಬದಲಿಸದೆ, ಕುರ್ಚಿಯನ್ನು ದಾರಿಗೆ ಅಡ್ಡವಾಗಿಡದೆ, ಕಾಫಿಯನ್ನು ಅವರೇ ಬೆರೆಸಿಕೊಳ್ಳುವಾಗ ನಾಲ್ಕು ತೊಟ್ಟು ಚೆಲ್ಲಿದರೆ ಸುಮ್ಮನಿರುವುದು ಅದಕ್ಕಿಂತ ಕಷ್ಟದ ಪ್ರೀತಿ. ಸೂಸಿಗೆ ದೊರೆತದ್ದು ಈ ಎರಡನೆಯದು.