ಸೊನ್ನೆ ಬೇರೆ, ಖಾಲಿ ಬೇರೆ

ಮಿನಿ ಪ್ರಾಜೆಕ್ಟ್ ಬಂತು ಅಂದ್ರೆ ಸಿ ಕೋಡಿಗೆ ಎಸ್‌ಕ್ಯೂಲೈಟ್ ಸೇರಿಸೋರೇ ಜಾಸ್ತಿ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಡೇಟಾ ಎಲ್ಲಾ ಒಂದೇ ಫೈಲಲ್ಲಿ. ಆದರೆ ರಿಸಲ್ಟ್ ಓದೋಕೆ ಎಲ್ಲರೂ ಕಾಪಿ ಹೊಡೆಯೋದು ಅದೇ ಎಕ್ಸೆಕ್, ಅದೇ ಕಾಲ್‌ಬ್ಯಾಕ್. ನನಗಂತೂ ಇದು ಸರಿ ಕಾಣಲ್ಲ. ಕಾಲ್‌ಬ್ಯಾಕ್‌ಗೆ ಬರೋದೆಲ್ಲ ಸ್ಟ್ರಿಂಗೇ. ಮಾರ್ಕ್ಸನ್ನು ಮತ್ತೆ ನಾವೇ ಅಟಾಯ್ ಹಾಕಿ ಅಂಕಿ ಮಾಡ್ಕೋಬೇಕು. ಕಾಲಂ ನಲ್ ಇದ್ದರೆ ಸಿಗೋದು ನಲ್ ಪಾಯಿಂಟರ್. ಅದನ್ನ ಅಟಾಯ್‌ಗೆ ಕೊಟ್ಟರೆ ವೈವಾ ನಡುವೆಯೇ ಸೆಗ್‌ಫಾಲ್ಟ್!

ಪ್ರಿಪೇರ್, ಸ್ಟೆಪ್, ಫೈನಲೈಜ್ ದಾರಿ ನಾಲ್ಕು ಸಾಲು ಉದ್ದ, ನಿಜ. ಆದ್ರೂ ಅದೇ ವಾಸಿ. ಸ್ಟೆಪ್ 100 ಕೊಟ್ಟರೆ ಒಂದು ಸಾಲು ಸಿಕ್ಕಿದೆ, 101 ಅಂದ್ರೆ ಮುಗೀತು. ಬೇರೇನಾದ್ರೂ ಬಂದ್ರೆ ಏನೋ ತೊಂದರೆ. ಲೂಪ್ ಯಾಕೆ ನಿಂತಿತು ಅಂತ ನೋಡದಿದ್ರೆ ಅರ್ಧ ಪಟ್ಟಿಯೇ ಪೂರ್ತಿ ಪಟ್ಟಿಯಾಗಿ ಪ್ರಿಂಟ್ ಆಗುತ್ತೆ.

ಈ ದಾರೀಲೂ ಒಂದು ಗುಂಡಿ ಇದೆ. ನಲ್ ಇರುವ ಕಡೆ ಕಾಲಂ-ಇಂಟ್ ಕರೆದರೆ ಸದ್ದಿಲ್ಲದೆ 0 ಬರುತ್ತೆ. ಇಂಟರ್ನಲ್ಸ್‌ಗೆ ಜ್ವರ ಬಂದು ಗೈರಾದವನೂ, ಬರೆದು ಸೊನ್ನೆ ತಗೊಂಡವನೂ ಒಂದೇ ಆಗಿಬಿಡ್ತಾರೆ. ಮರುಪರೀಕ್ಷೆ ಯಾರಿಗೆ ಕೊಡಬೇಕು ಅಂತ ಆ ಪಟ್ಟಿ ನೋಡಿ ಹೇಳೋಕಾಗುತ್ತಾ? ಹಾಗಾಗಿ ಮೊದಲು ಕಾಲಂ-ಟೈಪ್ ಕೇಳಿ. 5 ಬಂದರೆ ಅದು ನಲ್. ಕಾಲಂ-ಟೆಕ್ಸ್ಟ್ ಕೊಡುವ ಪಾಯಿಂಟರ್ ಕೂಡ ಮುಂದಿನ ಸ್ಟೆಪ್ ಹೊತ್ತಿಗೆ ಹಳಸಿರುತ್ತೆ, ಹೆಸರು ಬೇಕಿದ್ರೆ ಆಗಲೇ ಕಾಪಿ ಮಾಡಿಟ್ಕೊಳ್ಳಿ. ಲ್ಯಾಬ್ ಮ್ಯಾನುಯಲ್‌ನ ಮೊದಲ ಪ್ರೋಗ್ರಾಂನಲ್ಲೇ ಇದೆಲ್ಲ ಇರಬೇಕಿತ್ತು.